ಎಲ್ಲಾ ಸೇರಿ ಎಷ್ಟು? ಬಿಲ್ಲಿನಲ್ಲಿ ಅಡಗಿದ ಖರ್ಚು ಹಿಡಿಯುವ ಬಗೆ

"ಅಂಗಡಿಯವರು ಹೇಳಿದ್ದು ಒಂದು ರೇಟು, ಕೊನೆಗೆ ಕೈಬಿಟ್ಟು ಹೋಗಿದ್ದು ಇನ್ನೊಂದು. ಯಾಕೆ?" ಓದುಗರಿಂದ ತಿಂಗಳಿಗೆ ನಾಲ್ಕೈದು ಸಲ ಬರುವ ಪ್ರಶ್ನೆ ಇದು. ಕಾರವಾರದವರು ಕಾರ್ಡ್ ಉಜ್ಜಿದ್ದಕ್ಕೆ ಎರಡು ಪರ್ಸೆಂಟ್ ಹಾಕಿದರು ಅಂತ ಬರೆಯುತ್ತಾರೆ. ಶಿರಸಿಯವರು ಫ್ರಿಜ್ಜಿನ ಮೇಲಿನ ಜಿಎಸ್‌ಟಿ ಬಗ್ಗೆ ಕೇಳುತ್ತಾರೆ. ಗೋಕರ್ಣಕ್ಕೆ ನೆಂಟರನ್ನು ಕರೆದುಕೊಂಡು ಹೋದವರು ಹೋಟೆಲ್ ಬಿಲ್ಲಿನ ಫೋಟೋ ಕಳಿಸುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ.

ಈ ಜಾಸ್ತಿ ಖರ್ಚುಗಳೆಲ್ಲ ತಲೆ ಎತ್ತುವುದು ಒಂದೇ ಹೊತ್ತಿನಲ್ಲಿ. ನೀವು ತೆಗೆದುಕೊಳ್ಳುವುದು ಅಂತ ಮನಸ್ಸು ಮಾಡಿ ಆಗಿದೆ. ಸಾಮಾನು ಪ್ಯಾಕ್ ಆಗಿದೆ, ಹಿಂದೆ ನಾಲ್ಕು ಜನ ನಿಂತಿದ್ದಾರೆ, ಹೊರಗೆ ಜಡಿಮಳೆ. ಆಗ ನೂರು ರೂಪಾಯಿಗೆ ಯಾರು ತಕರಾರು ಮಾಡುತ್ತಾರೆ? ಅದಕ್ಕೇ ಪ್ರಶ್ನೆಯನ್ನು ಮೊದಲೇ ಕೇಳಬೇಕು: "ಎಲ್ಲಾ ಸೇರಿ ಎಷ್ಟು?" ಟ್ಯಾಕ್ಸ್, ಕಾರ್ಡ್, ಸಾಗಾಟ, ಫಿಟ್ಟಿಂಗ್, ಎಲ್ಲ ಸೇರಿ. ಮುಂದಿನ ಹಂತಗಳೆಲ್ಲ ಈ ಪ್ರಶ್ನೆಗೆ ಬಂದ ಉತ್ತರವನ್ನು ಪರೀಕ್ಷೆ ಮಾಡುವುದಕ್ಕೆ.

ಬೇಕಾಗುವ ಸಾಮಗ್ರಿ ಜಾಸ್ತಿ ಇಲ್ಲ. ಫೋನಿನ ಕ್ಯಾಲ್ಕುಲೇಟರ್, ಕನ್ನಡಕ ಇದ್ದವರು ಕನ್ನಡಕ, ಎರಡು ನಿಮಿಷ ಪುರುಸೊತ್ತು.

1. ಮೊದಲು ಎಂಆರ್‌ಪಿ ಓದಿ

ಎಂಆರ್‌ಪಿ ಅಂದರೆ ಪ್ಯಾಕೆಟ್ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆ. ಇದರಲ್ಲಿ ಎಲ್ಲಾ ತೆರಿಗೆಯೂ ಸೇರಿದೆ. ಅಂಗಡಿಯವರು ಇದಕ್ಕಿಂತ ಕಡಿಮೆಗೆ ಮಾರಬಹುದು, ಒಂದು ರೂಪಾಯಿ ಜಾಸ್ತಿಗೆ ಮಾರುವಂತಿಲ್ಲ. 2009ರ ಕಾನೂನು ಮಾಪನಶಾಸ್ತ್ರ (ತೂಕ-ಅಳತೆ) ಕಾಯ್ದೆ ಮತ್ತು 2011ರ ಪ್ಯಾಕೆಟ್ ಸಾಮಗ್ರಿ ನಿಯಮಗಳು ಇದಕ್ಕೆ ಆಧಾರ. "ಎಂಆರ್‌ಪಿ ಮೇಲೆ ಜಿಎಸ್‌ಟಿ ಬೇರೆ" ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ಚರ್ಚೆಗೆ ಅಲ್ಲಿ ಜಾಗವೇ ಇಲ್ಲ.

ಜಾಸ್ತಿ ಎಡವುವುದು ತಂಪು ಪಾನೀಯದಲ್ಲಿ. ಮುರ್ಡೇಶ್ವರದಲ್ಲೋ ಗೋಕರ್ಣದಲ್ಲೋ ಬೀಚ್ ಬದಿಯ ಅಂಗಡಿಯಲ್ಲಿ 20 ರೂಪಾಯಿಯ ನೀರಿನ ಬಾಟಲಿಗೆ 25 ಕೇಳುತ್ತಾರೆ. ಕಾರಣ ಕೇಳಿದರೆ "ಫ್ರಿಜ್ ಚಾರ್ಜ್". ಅಂಗಡಿಯಲ್ಲಿ ಕೊಂಡುಕೊಂಡು ಹೋಗುವ ಬಾಟಲಿಗೆ ಅಂಥ ಚಾರ್ಜು ಇಲ್ಲ. ಆದರೆ ಒಂದು ಗುಂಡಿ ಇದೆ, ನೋಡಿಕೊಳ್ಳಿ: ಹೋಟೆಲಿನಲ್ಲಿ ಕೂತು, ಅವರು ತಂದುಕೊಟ್ಟ ಬಾಟಲಿಯನ್ನು ಕುಡಿದರೆ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳಬಹುದು ಅಂತ 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ನೀವು ಕೊಡುವುದು ಬರೀ ನೀರಿಗಲ್ಲ, ಕುರ್ಚಿ, ಫ್ಯಾನು, ಸೇವೆಗೂ ಸೇರಿ ಅನ್ನುವುದು ವಾದ. ಹಾಗಾಗಿ ಕೂರುವ ಮೊದಲು ಮೆನು ಕಾರ್ಡ್ ನೋಡುವುದು ಒಳ್ಳೆಯದು.

ಇನ್ನೊಂದು ಮಾತು. ದೊಡ್ಡ ಪ್ಯಾಕೆಟ್ ಅಂದಮಾತ್ರಕ್ಕೆ ಅಗ್ಗ ಅಂದುಕೊಳ್ಳಬೇಡಿ. ಎಂಆರ್‌ಪಿ ಪಕ್ಕದಲ್ಲೇ ಈಗ ಸಣ್ಣ ಅಕ್ಷರದಲ್ಲಿ "ಗ್ರಾಂಗೆ ಇಷ್ಟು" ಅಂತ ಇರುತ್ತದೆ. ಅದೇ ಬಿಡಿ ಅಳತೆಯ ಬೆಲೆ. ಎರಡು ಪ್ಯಾಕೆಟ್ ಪಕ್ಕಪಕ್ಕ ಇಟ್ಟು ಆ ಅಂಕಿಯನ್ನು ಮಾತ್ರ ಹೋಲಿಸಿ. ಉಳಿದ "20 ಪರ್ಸೆಂಟ್ ಉಚಿತ" ಎಲ್ಲ ಬಣ್ಣದ ಅಲಂಕಾರ.

2. "ಜಿಎಸ್‌ಟಿ ಬೇರೆ" ಅಂದಾಗ ಕ್ಯಾಲ್ಕುಲೇಟರ್ ತೆಗೆಯಿರಿ

ಜಿಎಸ್‌ಟಿ ಬಂದಿದ್ದು 2017ರ ಜುಲೈ 1ಕ್ಕೆ. 2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾಗಿವೆ. ಈಗ ಬಹುತೇಕ ಸಾಮಾನು ಶೇ. 5 ಅಥವಾ ಶೇ. 18ರಲ್ಲಿ ಬರುತ್ತದೆ. ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಾಕುವ ಎಣ್ಣೆ, ಬಿಸ್ಕತ್ತು, ತುಪ್ಪ, ಕೊಡೆ ಇವೆಲ್ಲ ಶೇ. 5. ಸಿದ್ಧ ಉಡುಪು, ಚಪ್ಪಲಿ 2,500 ರೂಪಾಯಿವರೆಗೆ ಶೇ. 5, ಅದರ ಮೇಲೆ ಶೇ. 18. ಫ್ರಿಜ್, ವಾಷಿಂಗ್ ಮಷಿನ್, ಟಿವಿ, ಮೊಬೈಲ್ ಶೇ. 18. ಸಕ್ಕರೆ ಹಾಕಿದ ಗ್ಯಾಸ್ ಪಾನೀಯಕ್ಕೆ ಶೇ. 40. ಹಸಿ ಮೀನು, ತರಕಾರಿ, ಉಪ್ಪು, ತೆಂಗಿನಕಾಯಿಗೆ ಏನೂ ಇಲ್ಲ. ಅಕ್ಕಿ ಚೀಲದಿಂದ ಅಳೆದು ಕೊಟ್ಟರೆ ತೆರಿಗೆ ಇಲ್ಲ. 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ. 5.

ಈಗ ಫ್ರಿಜ್ಜಿಗೆ ಬರೋಣ. ಶಿರಸಿಯಲ್ಲಿ ಎರಡು ಅಂಗಡಿ ಅಂತ ಇಟ್ಟುಕೊಳ್ಳಿ. ಒಂದೇ ಮಾಡೆಲ್, ಎಂಆರ್‌ಪಿ 24,990. ಮೊದಲನೆಯವರು "18,500 ಅಷ್ಟೇ" ಅನ್ನುತ್ತಾರೆ. ಎರಡನೆಯವರು "22,000, ಮನೆಗೆ ತಂದು ಇಟ್ಟು ಕೊಡ್ತೇವೆ" ಅನ್ನುತ್ತಾರೆ. ಕಾಲು ತಾನಾಗಿ ಮೊದಲನೆಯ ಅಂಗಡಿ ಕಡೆ ತಿರುಗುತ್ತದೆ, ಅಲ್ವಾ? ಅಲ್ಲಿಯ ಬಿಲ್ ಹೀಗೆ ಬೆಳೆಯುತ್ತದೆ:

ಹೇಳಿದ ಬೆಲೆ 18,500.
ಜಿಎಸ್‌ಟಿ ಶೇ. 18 ಅಂದರೆ 3,330. ಆಯಿತು 21,830.
ಹಳ್ಳಿಗೆ ಸಾಗಾಟ 300.
ಸ್ಟ್ಯಾಂಡ್ 650. ಬೇಕೋ ಬೇಡವೋ ಕೇಳಿರುವುದೇ ಇಲ್ಲ, ಬಿಲ್ಲಿನಲ್ಲಿ ಬಂದು ಕೂತಿರುತ್ತದೆ. ಆಯಿತು 22,780.
ಕಾರ್ಡಿಗೆ ಶೇ. 2, ಅಂದರೆ 455 ರೂಪಾಯಿ 60 ಪೈಸೆ.
ಒಟ್ಟು 23,236.

ಎರಡನೆಯ ಅಂಗಡಿಗಿಂತ 1,236 ರೂಪಾಯಿ ಜಾಸ್ತಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬರುವುದನ್ನು ನೆನಪು ಮಾಡಿಸಿ ಸ್ಟೆಬಿಲೈಸರ್ ಒಂದನ್ನು, "ಎಕ್ಸ್‌ಟೆಂಡೆಡ್ ವಾರಂಟಿ" ಒಂದನ್ನು ಹಚ್ಚಿದರೆ ಲೆಕ್ಕ ಇನ್ನೂ ಮೇಲೆ ಹೋಗುತ್ತದೆ. ಸ್ಟೆಬಿಲೈಸರ್ ಬೇಕಾಗಬಹುದು, ಬೇಡ ಅನ್ನುತ್ತಿಲ್ಲ. ಆದರೆ ಅದನ್ನು ಫ್ರಿಜ್ಜಿನ ಬೆಲೆ ಹೋಲಿಸಿ ಮುಗಿದ ಮೇಲೆ, ಬೇರೆಯಾಗಿ ಯೋಚನೆ ಮಾಡಿ. ಹಲವು ಹೊಸ ಫ್ರಿಜ್‌ಗಳು ಸ್ಟೆಬಿಲೈಸರ್ ಇಲ್ಲದೆ ಎಷ್ಟು ವೋಲ್ಟೇಜ್‌ವರೆಗೆ ನಡೆಯುತ್ತವೆ ಅಂತ ಡಬ್ಬಿ ಮೇಲೇ ಬರೆದಿರುತ್ತದೆ.

ಒಂದು ಸಣ್ಣ ಸೂತ್ರ ಇಟ್ಟುಕೊಳ್ಳಿ. "ಜಿಎಸ್‌ಟಿ ಬೇರೆ" ಅಂದರೆ ಹೇಳಿದ ಬೆಲೆಯನ್ನು 1.18ರಿಂದ ಗುಣಿಸಿ. "ಜಿಎಸ್‌ಟಿ ಸೇರಿ" ಅಂದರೆ, ಒಳಗಿನ ಮೂಲ ಬೆಲೆ ತಿಳಿಯಲು 1.18ರಿಂದ ಭಾಗಿಸಿ. 22,000ವನ್ನು ಭಾಗಿಸಿದರೆ ಸುಮಾರು 18,644. ಅಂದರೆ ಎರಡನೆಯವರು ಸಾಗಾಟ ಸೇರಿಸಿಯೂ ಮೊದಲನೆಯವರ ಬೆಲೆಗೆ ಹತ್ತಿರವೇ ಇದ್ದರು. ಅವರು ಪೂರ್ತಿ ಹೇಳಿದರು, ಇವರು ಅರ್ಧ ಹೇಳಿದರು, ಅಷ್ಟೇ ವ್ಯತ್ಯಾಸ.

ಬಟ್ಟೆ ಅಂಗಡಿಯ "50 ಪರ್ಸೆಂಟ್ ಡಿಸ್ಕೌಂಟ್" ಕೂಡ ಇದೇ ಜಾತಿ. ಎಂಆರ್‌ಪಿ 2,000ದ ಅಂಗಿ ಅರ್ಧ ಬೆಲೆಗೆ ಅಂದರೆ 1,000 ಆಗಬೇಕು. ಕೌಂಟರಿನಲ್ಲಿ 1,050 ಕೇಳುತ್ತಾರೆ, ಜಿಎಸ್‌ಟಿ ಅಂತೆ. ಎಂಆರ್‌ಪಿಯಲ್ಲೇ ತೆರಿಗೆ ಸೇರಿರುವಾಗ ಅದರ ಅರ್ಧದಲ್ಲೂ ಸೇರಿರಬೇಕಲ್ಲ! ಇದಕ್ಕೂ ಮೊದಲಿದ್ದ ವ್ಯಾಟ್ ತೆರಿಗೆ ಕಾಲದ ಇಂಥದ್ದೇ ಪ್ರಕರಣದಲ್ಲಿ, ರಿಯಾಯಿತಿ ಅಂತ ಜಾಹೀರಾತು ಕೊಟ್ಟು ಮತ್ತೆ ತೆರಿಗೆ ಸೇರಿಸುವುದು ಅನುಚಿತ ವ್ಯಾಪಾರ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲಿ ತೀರ್ಪು ಕೊಟ್ಟಿದೆ.

ಕಾರವಾರದವರಿಗೆ ಒಂದು ವಿಶೇಷ ಸೂಚನೆ. "ಗಡಿಯ ಮಾಜಾಳಿ ದಾಟಿ ಗೋವಾಕ್ಕೆ ಹೋದರೆ ಟ್ಯಾಕ್ಸ್ ಕಡಿಮೆ" ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಜಿಎಸ್‌ಟಿ ದರ ದೇಶಕ್ಕೆಲ್ಲ ಒಂದೇ. ಟಿವಿ, ಮೊಬೈಲ್ ಅಲ್ಲಿ ಅಗ್ಗ ಸಿಕ್ಕಿದರೆ ಅದು ಆ ಅಂಗಡಿಯವರ ಲಾಭದ ಲೆಕ್ಕ, ತೆರಿಗೆಯದ್ದಲ್ಲ. ರಾಜ್ಯದಿಂದ ರಾಜ್ಯಕ್ಕೆ ತೆರಿಗೆ ಬೇರೆಯಾಗುವುದು ಜಿಎಸ್‌ಟಿ ಹೊರಗಿರುವ ಪೆಟ್ರೋಲ್, ಡೀಸೆಲ್, ಮದ್ಯಕ್ಕೆ.

3. ತೆರಿಗೆ ವಸೂಲಿ ಮಾಡುವ ಹಕ್ಕು ಆ ಅಂಗಡಿಗೆ ಇದೆಯಾ ನೋಡಿ

ಬಿಲ್ಲಿನ ಮೇಲ್ಭಾಗದಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರ್ ಇರಬೇಕು. ಕರ್ನಾಟಕದ ಅಂಗಡಿಯಾದರೆ ಅದು 29ರಿಂದ ಶುರುವಾಗುತ್ತದೆ, ಗೋವಾದ್ದಾದರೆ 30ರಿಂದ. ನಂಬರೇ ಇಲ್ಲದ ಚೀಟಿಯಲ್ಲಿ "ಜಿಎಸ್‌ಟಿ" ಅಂತ ಒಂದು ಸಾಲು ಇದ್ದರೆ ಆ ದುಡ್ಡು ಸರ್ಕಾರಕ್ಕೆ ಹೋಗುವುದಿಲ್ಲ. ಅನುಮಾನ ಬಂದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ "ಸರ್ಚ್ ಟ್ಯಾಕ್ಸ್‌ಪೇಯರ್" ಅನ್ನುವಲ್ಲಿ ನಂಬರ್ ಹಾಕಿ. ಲಾಗಿನ್ ಬೇಡ. ಅಂಗಡಿಯ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ಯಾವ ಬಗೆಯ ನೋಂದಣಿ, ಎಲ್ಲ ಬರುತ್ತದೆ.

ಆ "ಬಗೆ" ಮುಖ್ಯ. "ಕಂಪೊಸಿಷನ್" ಅಂತ ಬಂದರೆ, ಅವರು ವರ್ಷಕ್ಕೆ ಒಂದೂವರೆ ಕೋಟಿವರೆಗೆ ವಹಿವಾಟು ಇರುವ ಸಣ್ಣ ವ್ಯಾಪಾರಿಗಳಿಗಿರುವ ಸರಳ ಪದ್ಧತಿಯಲ್ಲಿದ್ದಾರೆ ಅಂತ ಅರ್ಥ. ಅವರು ತಮ್ಮ ವಹಿವಾಟಿನ ಮೇಲೆ ಸಣ್ಣ ಪ್ರಮಾಣದ ತೆರಿಗೆಯನ್ನು ಕೈಯಿಂದ ಕಟ್ಟಬೇಕು, ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ತಾವು ಕಂಪೊಸಿಷನ್‌ನಲ್ಲಿದ್ದೇವೆ ಅನ್ನುವುದನ್ನು ಅಂಗಡಿಯ ಬೋರ್ಡಿನಲ್ಲೂ ಬಿಲ್ಲಿನಲ್ಲೂ ಬರೆಯಬೇಕು. ಅಂಥ ಬಿಲ್ಲಿನಲ್ಲಿ ಜಿಎಸ್‌ಟಿ ಸಾಲು ಕಂಡರೆ ಬೆರಳಿಟ್ಟು ತೋರಿಸಿ.

ಬಿಲ್ಲಿನಲ್ಲಿ ಸಿಜಿಎಸ್‌ಟಿ ಅಂತ ಒಂದು, ಎಸ್‌ಜಿಎಸ್‌ಟಿ ಅಂತ ಇನ್ನೊಂದು ಕಂಡು ಎರಡು ಸಲ ತೆರಿಗೆ ಹಾಕಿದರು ಅಂತ ಸಿಟ್ಟಾಗಬೇಡಿ. ಶೇ. 18ರಲ್ಲಿ ಒಂಬತ್ತು ಕೇಂದ್ರಕ್ಕೆ, ಒಂಬತ್ತು ರಾಜ್ಯಕ್ಕೆ. ಬೇರೆ ರಾಜ್ಯದಿಂದ ಆನ್‌ಲೈನಿನಲ್ಲಿ ತರಿಸಿದರೆ ಐಜಿಎಸ್‌ಟಿ ಅಂತ ಒಂದೇ ಸಾಲಿನಲ್ಲಿ 18 ಬರುತ್ತದೆ. ಮೊತ್ತ ಒಂದೇ.

"ಬಿಲ್ ಬೇಕಾ ಹೆಗಡೇರೇ? ಬೇಡ ಅಂದ್ರೆ ಟ್ಯಾಕ್ಸ್ ಬಿಟ್ಟು ಕೊಡ್ತೇನೆ." ಈ ಮಾತಿಗೆ ಸೋಲದವರು ಕಡಿಮೆ. ಕೊಡುವುದು ಒಂದು ಎಸ್ಟಿಮೇಟ್ ಚೀಟಿ. ಮೂರು ತಿಂಗಳಿಗೆ ಮೋಟಾರ್ ಸುಟ್ಟು ಹೋದಾಗ ಕಂಪನಿಯವರು ಕೇಳುವುದು ಬಿಲ್. ಎಸ್ಟಿಮೇಟ್ ತೋರಿಸಿದರೆ ನಗುತ್ತಾರೆ. ವಾರಂಟಿ ಇರುವ ಸಾಮಾನಿಗೆ ಬಿಲ್ ಬಿಡಬೇಡಿ, ಇದರಲ್ಲಿ ನನಗೆ ಎರಡು ಮಾತಿಲ್ಲ. ಬಿಲ್ ಕೇಳಿದರೂ ಕೊಡದಿರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಜಿಎಸ್‌ಟಿ ನಿಯಮದಲ್ಲಿ 200 ರೂಪಾಯಿ ಒಳಗಿನ ವ್ಯಾಪಾರಕ್ಕೆ ಬಿಡಿಬಿಡಿಯಾಗಿ ಬಿಲ್ ಕೊಡದಿದ್ದರೂ ನಡೆಯುತ್ತದೆ, ಆದರೆ ನೀವು ಕೇಳಿದರೆ ಕೊಡಬೇಕು.

4. ಕಾರ್ಡ್ ಕೊಡುವ ಮೊದಲು, ಪಿನ್ ಒತ್ತುವ ಮೊದಲು

ನನ್ನದೇ ಕತೆ. ಮಿಕ್ಸಿ ತೆಗೆದುಕೊಂಡೆ, ಬಿಲ್ 5,000 ರೂಪಾಯಿ. ಡೆಬಿಟ್ ಕಾರ್ಡ್ ಕೊಟ್ಟೆ, ಮಾತಾಡುತ್ತಾ ಪಿನ್ ಒತ್ತಿದೆ. ಮನೆಗೆ ಬಂದು ಮೆಸೇಜ್ ನೋಡಿದರೆ 5,100. ಬಿಲ್ಲಿನಲ್ಲಿ ನೂರು ರೂಪಾಯಿಯ ಸುಳಿವೇ ಇಲ್ಲ. ಮಷಿನ್ ಮೇಲಿನ ಅಂಕಿ ನೋಡದೆ ಪಿನ್ ಒತ್ತಿದ್ದು ನನ್ನ ತಪ್ಪು. ಉಳಿದದ್ದು ಅವರದ್ದು.

ಈ "ಸ್ವೈಪ್ ಚಾರ್ಜ್" ಎಲ್ಲಿಂದ ಬರುತ್ತದೆ? ಕಾರ್ಡ್ ಉಜ್ಜಿದಾಗ ಬ್ಯಾಂಕುಗಳು ಅಂಗಡಿಯವರಿಗೆ ಸೇರಬೇಕಾದ ದುಡ್ಡಿನಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತವೆ. ಅದಕ್ಕೆ ಎಂಡಿಆರ್ ಅನ್ನುತ್ತಾರೆ. ಒಂಥರಾ ದಲ್ಲಾಳಿ ಕಮಿಷನ್. ಕೊಡಬೇಕಾದವರು ಅಂಗಡಿಯವರು. ಪಾವತಿ ಯಾವ ಬಗೆಯದ್ದು ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ.

ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್: 2020ರ ಜನವರಿ 1ರಿಂದ ಎಂಡಿಆರ್ ಸೊನ್ನೆ. ಅಂಗಡಿಯವರಿಗೂ ಖರ್ಚಿಲ್ಲ, ನಿಮಗೂ ಇಲ್ಲ. ಇದಕ್ಕೆ ಚಾರ್ಜ್ ಕೇಳಿದರೆ ನೇರವಾಗಿ "ಇಲ್ಲ" ಅನ್ನಿ.

ಬೇರೆ ಡೆಬಿಟ್ ಕಾರ್ಡ್: ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟಿರುವ ಸಣ್ಣ ಅಂಗಡಿಗೆ ಮಷಿನ್‌ನಲ್ಲಿ ಹೆಚ್ಚೆಂದರೆ ಶೇ. 0.40, ಅದೂ 200 ರೂಪಾಯಿ ಮೀರುವಂತಿಲ್ಲ. ಅದಕ್ಕಿಂತ ದೊಡ್ಡ ಅಂಗಡಿಗೆ ಶೇ. 0.90, ಮಿತಿ 1,000 ರೂಪಾಯಿ. 2018ರ ಜನವರಿಯಿಂದ ಇರುವ ರಿಸರ್ವ್ ಬ್ಯಾಂಕ್ ನಿಯಮ ಇದು. ಇದನ್ನು ಗಿರಾಕಿ ತಲೆಗೆ ಕಟ್ಟದಂತೆ ನೋಡಿಕೊಳ್ಳಬೇಕು ಅಂತಲೂ ಬ್ಯಾಂಕುಗಳಿಗೆ ಹೇಳಿದೆ. ಅಂದರೆ ಡೆಬಿಟ್ ಕಾರ್ಡಿಗೆ ಶೇ. 2 ಅನ್ನುವುದು ಎರಡು ಬಗೆಯಲ್ಲಿ ತಪ್ಪು. ಕೇಳಲೇಬಾರದು, ಕೇಳಿದ್ದೂ ಖರ್ಚಿನ ಎರಡು ಪಟ್ಟಿಗಿಂತ ಜಾಸ್ತಿ.

ಕ್ರೆಡಿಟ್ ಕಾರ್ಡ್: ಇದಕ್ಕೆ ಅಂಥ ಮಿತಿ ಇಲ್ಲ. ಅಂಗಡಿಯವರಿಗೆ ಸಾಮಾನ್ಯವಾಗಿ ಶೇ. 2ರ ಆಸುಪಾಸು ಬೀಳುತ್ತದೆ. ಮೊಬೈಲಿನಂಥ ಸಾಮಾನಿನಲ್ಲಿ ಅವರ ಲಾಭವೇ ತೆಳ್ಳಗೆ, ಎರಡು ಪರ್ಸೆಂಟ್ ಹೋದರೆ ಉಳಿಯುವುದು ಚಹಾ ಕುಡಿಯುವಷ್ಟು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಹೇಳುವುದಿದ್ದರೆ ಬೆಲೆ ಹೇಳುವಾಗಲೇ ಹೇಳಬೇಕು, ಮಷಿನ್ ಕೈಗೆ ತೆಗೆದುಕೊಂಡ ಮೇಲಲ್ಲ. ನನ್ನ ಉಪಾಯ ಸರಳ: "ಆಯ್ತು, ಆ ಎರಡು ಪರ್ಸೆಂಟ್ ಬಿಲ್ಲಲ್ಲಿ ಬೇರೆ ಸಾಲಾಗಿ ಬರೆದುಕೊಡಿ" ಅನ್ನುತ್ತೇನೆ. ಬರೆಯಲು ಮನಸ್ಸಿಲ್ಲದವರು ಬಹಳ ಸಲ ಚಾರ್ಜನ್ನೇ ಬಿಡುತ್ತಾರೆ.

"2,000ಕ್ಕಿಂತ ಜಾಸ್ತಿ ಯುಪಿಐ ಮಾಡಿದರೆ ಜಿಎಸ್‌ಟಿ ಬೀಳುತ್ತದಂತೆ, ಹೌದಾ?" ಇದೂ ಪದೇ ಪದೇ ಬರುವ ಪ್ರಶ್ನೆ. ಇಲ್ಲ. 2025ರ ಏಪ್ರಿಲ್‌ನಲ್ಲಿ ಹಣಕಾಸು ಸಚಿವಾಲಯವೇ ಇದನ್ನು ಅಲ್ಲಗಳೆದಿದೆ. ಅದೇ ವರ್ಷ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟ ಮೇಲೆ ಕೆಲವರು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದರು. ಆ ನೋಟಿಸ್ ವ್ಯಾಪಾರಿಯ ವಹಿವಾಟಿನ ಲೆಕ್ಕಕ್ಕೆ ಸಂಬಂಧಪಟ್ಟದ್ದು. ಬರೀ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ನೀವು ಸ್ಕ್ಯಾನ್ ಮಾಡಿ ಕೊಟ್ಟಿದ್ದಕ್ಕೆ ನಿಮ್ಮ ಮೇಲೆ ತೆರಿಗೆ ಇಲ್ಲ.

ಪೆಟ್ರೋಲ್ ಬಂಕಿನಲ್ಲಿ ಕ್ರೆಡಿಟ್ ಕಾರ್ಡಿಗೆ ಸುಮಾರು ಶೇ. 1 ಸರ್ಚಾರ್ಜ್ ಬೀಳುತ್ತದೆ. ಎಷ್ಟೋ ಕಾರ್ಡುಗಳು ಅದನ್ನು ವಾಪಸ್ ಕೊಡುತ್ತವೆ, ಅದರ ಮೇಲಿನ ಜಿಎಸ್‌ಟಿಯನ್ನು ಕೊಡುವುದಿಲ್ಲ. ಯುಪಿಐ ಮಾಡಿ, ತಲೆನೋವು ಮುಗಿಯಿತು.

5. "ನೋ ಕಾಸ್ಟ್ ಇಎಂಐ" ಅಂದರೆ ಪುಕ್ಕಟೆ ಸಾಲ ಅಲ್ಲ

18,000ದ ಫೋನು, ಆರು ತಿಂಗಳು, ತಿಂಗಳಿಗೆ 3,000 ಕಂತು (ಇಎಂಐ). ಬಡ್ಡಿ ಇಲ್ಲ ಅನ್ನುತ್ತಾರೆ. ಒಳಗೆ ಆಗುವುದೇನೆಂದರೆ, ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟೇ ಮೊತ್ತವನ್ನು ಫೋನಿನ ಬೆಲೆಯಲ್ಲಿ ಡಿಸ್ಕೌಂಟ್ ಅಂತ ತೋರಿಸುತ್ತಾರೆ. ವರ್ಷಕ್ಕೆ ಶೇ. 15ರ ಬಡ್ಡಿ ಅಂತ ಇಟ್ಟುಕೊಂಡರೆ, ಈ ಸಾಲದ ಬಡ್ಡಿ ಸುಮಾರು 762 ರೂಪಾಯಿ. ಅದು ಡಿಸ್ಕೌಂಟಿನಲ್ಲಿ ವಜಾ ಆಯಿತು, ಸರಿ. ಆದರೆ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಸುಮಾರು 137 ರೂಪಾಯಿ, ನಿಮ್ಮ ತಲೆಗೆ. ಪ್ರೊಸೆಸಿಂಗ್ ಫೀ 199 ಇದ್ದರೆ ಜಿಎಸ್‌ಟಿ ಸೇರಿ 235. ಒಟ್ಟು 372 ರೂಪಾಯಿ "ನೋ ಕಾಸ್ಟ್"ನ ಕಾಸ್ಟು.

ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಅದೇ ಫೋನನ್ನು ಒಂದೇ ಸಲ ದುಡ್ಡು ಕೊಟ್ಟು ತೆಗೆದುಕೊಂಡರೆ ಎಷ್ಟಕ್ಕೆ ಕೊಡುತ್ತೀರಿ ಅಂತ ಕೇಳಿ. "17,200ಕ್ಕೆ ಮಾಡ್ಕೊಡ್ತೇನೆ" ಅಂದರೆ ಇಎಂಐನ ನಿಜವಾದ ಬೆಲೆ ಅಲ್ಲೇ ತಿಳಿಯಿತು. ಇನ್ನು ಕ್ರೆಡಿಟ್ ಕಾರ್ಡಿನ "ಮಿನಿಮಮ್ ಡ್ಯೂ" ಕಟ್ಟಿ ಸುಮ್ಮನಾಗುವವರಿಗೆ ಒಂದೇ ಮಾತು: ಬಾಕಿಗೆ ತಿಂಗಳಿಗೆ ಶೇ. 3.5 ಬಡ್ಡಿ ಅಂದರೆ ವರ್ಷಕ್ಕೆ ಶೇ. 42.

6. ಬಂಗಾರದ ಅಂಗಡಿಯಲ್ಲಿ

ಇಲ್ಲಿ ನೂರಿನ ಲೆಕ್ಕ ಇಲ್ಲ, ಸಾವಿರದ ಲೆಕ್ಕ. ಹಾಗಾಗಿ ಸ್ವಲ್ಪ ನಿಧಾನ.

ಲೆಕ್ಕ ಸುಲಭವಾಗಲಿ ಅಂತ ಗ್ರಾಂಗೆ 10,000 ಅಂತ ಹಿಡಿಯೋಣ. ಎಂಟು ಗ್ರಾಂ ಬಂಗಾರ, 80,000. ಮಜೂರಿ (ಒಡವೆ ಮಾಡಿದ ಕೂಲಿ) ಶೇ. 12 ಅಂದರೆ 9,600. ಕೂಡಿದರೆ 89,600. ಅದರ ಮೇಲೆ ಶೇ. 3 ಜಿಎಸ್‌ಟಿ, 2,688. ಹಾಲ್‌ಮಾರ್ಕ್‌ಗೆ (ಶುದ್ಧತೆಯ ಮುದ್ರೆ) ಒಂದು ಒಡವೆಗೆ 45 ರೂಪಾಯಿ ಮತ್ತು ಅದರ ಜಿಎಸ್‌ಟಿ, ಸುಮಾರು 53. ಒಟ್ಟು 92,341. ಬೋರ್ಡಿನ ರೇಟ್ ನೋಡಿ 80,000 ತಂದವರು ವಾಪಸ್ ಮನೆಗೆ ಹೋಗಬೇಕಾಗುತ್ತದೆ.

ಇದರಲ್ಲಿ ಚೌಕಾಸಿಗೆ ಜಾಗ ಇರುವುದು ಮಜೂರಿಯಲ್ಲಿ ಮಾತ್ರ. ಕೆಲವರು ಮಜೂರಿ ಕಡಿಮೆ ತೋರಿಸಿ "ವೇಸ್ಟೇಜ್" ಅಂತ ಬೇರೆ ಹಾಕುತ್ತಾರೆ. ಎರಡನ್ನೂ ಕೂಡಿಸಿ ಒಂದೇ ಅಂಕಿ ಕೇಳಿ.

ಕರಿಮಣಿ ಸರ ತೆಗೆದುಕೊಳ್ಳುವವರು ತೂಕದ ಹೊತ್ತಿಗೆ ತಕ್ಕಡಿ ಹತ್ತಿರ ನಿಲ್ಲಿ. ಸರ 8.6 ಗ್ರಾಂ ತೂಗಿತು ಅನ್ನಿ. ಅದರಲ್ಲಿ ಕರಿಮಣಿ, ದಾರ ಸೇರಿ 0.6 ಗ್ರಾಂ. ಪೂರ್ತಿ ತೂಕಕ್ಕೆ ಬಂಗಾರದ ರೇಟ್ ಹಾಕಿದರೆ ಆರು ಸಾವಿರ ರೂಪಾಯಿಗೆ ನೀವು ಗಾಜಿನ ಮಣಿ ಕೊಂಡ ಹಾಗೆ. ಹರಳಿನ ಉಂಗುರ, ಓಲೆಗೂ ಇದೇ ಮಾತು. ಬಿಲ್ಲಿನಲ್ಲಿ ಒಟ್ಟು ತೂಕ, ಹರಳು-ಮಣಿಯ ತೂಕ, ನಿಕ್ಕಿ ಬಂಗಾರದ ತೂಕ ಮೂರೂ ಬೇರೆ ಬೇರೆ ಇರಬೇಕು. ಹಾಲ್‌ಮಾರ್ಕ್ ಚಾರ್ಜ್ ಕೂಡ ಬೇರೆ ಸಾಲಿನಲ್ಲಿ.

2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ಕಡ್ಡಾಯ. ಸರ್ಕಾರಿ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ಬಗೆ, ಶುದ್ಧತೆ ಬರುತ್ತದೆ. ದುಡ್ಡು ಕೊಡುವ ಮೊದಲು, ಅಂಗಡಿಯಲ್ಲೇ ಕೂತು ನೋಡಿ. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಭೂತಗನ್ನಡಿ ಅವರೇ ಕೊಡುತ್ತಾರೆ.

7. ತೂಕದಲ್ಲಿ ಹೋಗುವ ದುಡ್ಡು

ಸ್ವೀಟ್ ಅಂಗಡಿಯಲ್ಲಿ ಡಬ್ಬಿ ಸಮೇತ ತೂಗುತ್ತಾರೆ. ಕೆಜಿಗೆ 600ರ ಸ್ವೀಟ್ ಜೊತೆ 50 ಗ್ರಾಂ ರಟ್ಟು ಬಂದರೆ 30 ರೂಪಾಯಿ ರಟ್ಟಿಗೆ ಹೋಯಿತು. "ಡಬ್ಬಿ ಇಟ್ಟು ಸೊನ್ನೆ ಮಾಡಿ, ಆಮೇಲೆ ತೂಗಿ" ಅನ್ನಿ. ತಕ್ಕಡಿಯಲ್ಲಿ ಅದಕ್ಕೊಂದು ಗುಂಡಿ ಇರುತ್ತದೆ.

ಕಾರವಾರದ ಮೀನು ಪೇಟೆಯಲ್ಲಿ ಬಾಂಗಡೆ, ಶೆಟ್ಲಿ (ಸಿಗಡಿ) ಪಾಲಿನ ಲೆಕ್ಕದಲ್ಲಿ ಕೊಳ್ಳುವಾಗ ತೆರಿಗೆಯೂ ಇಲ್ಲ, ಬಿಲ್ಲೂ ಇಲ್ಲ, ಚೌಕಾಸಿಯೇ ಕಾನೂನು. ಕೆಜಿ ಲೆಕ್ಕದ ಇಸವಣದಂಥ ದೊಡ್ಡ ಮೀನಿನಲ್ಲಿ ಮಾತ್ರ ಒಂದು ಪ್ರಶ್ನೆ ಮೊದಲೇ ಕೇಳಿ: "ಅಕ್ಕ, ತೂಕ ಕೊಯ್ಯೋಕೆ ಮುಂಚೆಯಾ, ಕೊಯ್ದ ಮೇಲಾ? ಕೊಯ್ಯೋದಕ್ಕೆ ಬೇರೆ ಕೊಡಬೇಕಾ?" ತಲೆ, ಹೊಟ್ಟೆ ಹೋದ ಮೇಲೆ ಕೆಜಿ ಮೀನು ಕೆಜಿ ಉಳಿಯುವುದಿಲ್ಲವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ರೇಟು ಏರುವುದು ಬೇರೆ ವಿಷಯ.

ಗ್ಯಾಸ್ ಸಿಲಿಂಡರಿಗೆ ತಂದುಕೊಡುವವರು 30, 50 ಜಾಸ್ತಿ ಕೇಳುವುದರ ಬಗ್ಗೆ ಸಿಕ್ಕಾಪಟ್ಟೆ ಪತ್ರ ಬರುತ್ತವೆ. ಏಜೆನ್ಸಿಯ ವಿತರಣಾ ವ್ಯಾಪ್ತಿಯೊಳಗೆ ಮನೆ ಬಾಗಿಲಿಗೆ ತರುವ ಖರ್ಚು ಬಿಲ್ಲಿನ ಬೆಲೆಯಲ್ಲೇ ಸೇರಿದೆ. ಬಿಲ್ಲಿನ ಅಂಕಿಯನ್ನೇ ಕೊಡಿ. ನೀವೇ ಗೋಡೌನಿನಿಂದ ತಂದರೆ ಡೆಲಿವರಿ ಖರ್ಚನ್ನು ಕಳೆದು ಕೊಡಬೇಕು, ಅದನ್ನು ಕೇಳಿ ಪಡೆಯುವವರು ಬಹಳ ಕಡಿಮೆ. ಸಿದ್ದಾಪುರ, ಜೋಯಿಡಾ ಕಡೆಯ ಒಳಹಳ್ಳಿಗಳವರು ತಮ್ಮ ಊರು ವ್ಯಾಪ್ತಿಯಲ್ಲಿ ಬರುತ್ತದೋ ಇಲ್ಲವೋ ಏಜೆನ್ಸಿಯಲ್ಲಿ ಕೇಳಿಟ್ಟುಕೊಳ್ಳಿ. ತೂಕದ ಅನುಮಾನ ಇದ್ದರೆ, ಸಿಲಿಂಡರಿನ ಕುತ್ತಿಗೆ ಹತ್ತಿರದ ಪಟ್ಟಿಯಲ್ಲಿ ಖಾಲಿ ತೂಕ ಬರೆದಿರುತ್ತದೆ. ಅದು 15.3 ಇದ್ದರೆ 14.2 ಕೆಜಿ ಗ್ಯಾಸ್ ಸೇರಿ 29.5 ಬರಬೇಕು. ತಂದವರ ಹತ್ತಿರವೇ ತೂಗಿಸಿಕೊಳ್ಳುವ ಹಕ್ಕು ನಿಮಗಿದೆ.

8. ಹೋಟೆಲ್, ಕೈಚೀಲ, ಆನ್‌ಲೈನ್

ಹೋಟೆಲ್ ಊಟಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ಶೇ. 5. "ಸರ್ವಿಸ್ ಚಾರ್ಜ್" ತೆರಿಗೆಯಲ್ಲ, ಹೋಟೆಲಿನವರು ತಾವೇ ಹಾಕಿಕೊಂಡದ್ದು. ಕಡ್ಡಾಯ ಮಾಡುವಂತಿಲ್ಲ ಅಂತ 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. "ಇದನ್ನು ತೆಗೆದು ಬಿಲ್ ಕೊಡಿ" ಅಂದರೆ ಸಾಕು. ಬಡಿಸಿದ ಹುಡುಗನಿಗೆ ಕೊಡಬೇಕು ಅನ್ನಿಸಿದರೆ ಅವನ ಕೈಗೇ ಕೊಡಿ.

ಕೌಂಟರಿನಲ್ಲಿ ದಿಢೀರ್ ಅಂತ ಕೈಚೀಲಕ್ಕೆ ಹತ್ತು-ಹದಿನೈದು ಹಾಕುವುದು, ಮೊದಲೇ ತಿಳಿಸದಿದ್ದರೆ, ಅನುಚಿತ ವ್ಯಾಪಾರ ಅಂತ 2020ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿದೆ. ಮನೆಯಿಂದ ಚೀಲ ಒಯ್ಯುವುದು ಇನ್ನೂ ಸುಲಭ ಅನ್ನಿ.

ಆನ್‌ಲೈನಿನಲ್ಲಿ ಕೊನೆಯ ಪುಟದವರೆಗೆ ಹೋಗಿ, ಅಲ್ಲಿಯ ಮೊತ್ತವನ್ನು ಅಂಗಡಿಯ ಮೊತ್ತದ ಜೊತೆ ಹೋಲಿಸಿ. ಪ್ಲಾಟ್‌ಫಾರ್ಮ್ ಫೀ, ಹ್ಯಾಂಡ್ಲಿಂಗ್ ಫೀ, ಕ್ಯಾಶ್ ಆನ್ ಡೆಲಿವರಿ ಫೀ ಎಲ್ಲ ಅಲ್ಲೇ ಹುಟ್ಟುವುದು. ನೀವು ಕೇಳದ ವಿಮೆಯೋ ದೇಣಿಗೆಯೋ ಮೊದಲೇ ಟಿಕ್ ಆಗಿದ್ದರೆ ತೆಗೆಯಿರಿ. 2023ರ ನವೆಂಬರ್‌ನಲ್ಲಿ ಬಂದ ಮಾರ್ಗಸೂಚಿಯಲ್ಲಿ ಇಂಥ 13 ಕಣ್ಕಟ್ಟುಗಳನ್ನು ಪಟ್ಟಿ ಮಾಡಿ ನಿಷೇಧಿಸಿದ್ದಾರೆ. ರೈಲು ಟಿಕೆಟ್ ಆನ್‌ಲೈನಿನಲ್ಲಿ ಮಾಡುವವರು ಯುಪಿಐ ಬಳಸಿ: ಎಸಿ ಇಲ್ಲದ ದರ್ಜೆಗೆ ಸೇವಾ ಶುಲ್ಕ 10 ರೂಪಾಯಿ, ಬೇರೆ ಪಾವತಿಗೆ 15. ಎಸಿಗೆ 20 ಮತ್ತು 30. ಇದರ ಮೇಲೆ ಜಿಎಸ್‌ಟಿ. ಕಾರವಾರ ಸ್ಟೇಷನ್ ಕೌಂಟರಿನಲ್ಲಿ ನಿಂತರೆ ಈ ಶುಲ್ಕ ಇಲ್ಲ, ಆಟೋ ಬಾಡಿಗೆ ಇದೆ.

9. ಜಾಸ್ತಿ ತೆಗೆದುಕೊಂಡರೆ ಏನು ಮಾಡುವುದು?

ಮೊದಲು ಅಂಗಡಿಯಲ್ಲೇ, ಮೆಲ್ಲಗೆ. "ಇದು ಯಾವುದಕ್ಕೆ ಮಾರಾಯ್ರೇ?" ಅಂತ ಸಾಲು ತೋರಿಸಿ ಕೇಳಿದರೆ ಅರ್ಧ ಪ್ರಕರಣ ಅಲ್ಲೇ ಮುಗಿಯುತ್ತದೆ. ನಮ್ಮ ಸಣ್ಣ ಊರುಗಳಲ್ಲಿ ನಾಳೆ ಮತ್ತೆ ಅದೇ ಅಂಗಡಿಗೆ ಹೋಗಬೇಕು, ಅವರಿಗೂ ನೀವು ಬೇಕು.

ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಎಂಆರ್‌ಪಿ ಮತ್ತು ತೂಕದ ದೂರು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಹೋಗುತ್ತದೆ. ಕಾರ್ಡ್, ಬ್ಯಾಂಕ್ ಚಾರ್ಜಿನ ವಿಷಯವಾದರೆ ಮೊದಲು ಬ್ಯಾಂಕಿಗೆ ಬರೆದು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿ ಒಂಬುಡ್ಸ್‌ಮನ್‌ಗೆ. ಮಾಹಿತಿಗೆ ನಂಬರ್ 14448.

ದೊಡ್ಡ ಮೊತ್ತವಾದರೆ ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲೇ ಇದೆ. ಐದು ಲಕ್ಷದವರೆಗಿನ ವ್ಯಾಪಾರದ ದೂರಿಗೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಅವಧಿ ಎರಡು ವರ್ಷ.

ಎರಡು ವರ್ಷ ಅಂದೆನಲ್ಲ, ಅದಕ್ಕೇ ಕೊನೆಯದಾಗಿ ಒಂದು ಸಣ್ಣ ಕೆಲಸ. ಈಗಿನ ಮಷಿನ್ ಬಿಲ್ಲುಗಳು ಶಾಖಕ್ಕೆ ಕಪ್ಪಾಗುವ ಕಾಗದದಲ್ಲಿ ಬರುತ್ತವೆ. ನಮ್ಮ ಸೆಖೆಗೆ, ಆಮೇಲೆ ಮಳೆಗಾಲದ ತೇವಕ್ಕೆ, ಅಕ್ಷರ ಬೇಗ ಮಾಸುತ್ತದೆ. ಕಪಾಟಿನಿಂದ ತೆಗೆದಾಗ ಕೈಗೆ ಬರುವುದು ಬಿಳಿ ಚೀಟಿ. ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಬಿಲ್ಲಿನದ್ದೊಂದು, ಕಾರ್ಡ್ ಮಷಿನ್ ಚೀಟಿಯದ್ದೊಂದು ಫೋಟೋ ತೆಗೆದು ಇಟ್ಟುಕೊಳ್ಳಿ.